ಹಾಜರಿ ಪಟ್ಟಿ

ಹಂಪಯ್ಯ ಮಾಸ್ತರ ಬೆರಳುಗಳು ಕೀಬೋರ್ಡಿನ ಮೇಲೆ ಬಂದು ಕೂತವು. ಎಡಗೈಯ ನಾಲ್ಕು, ಬಲಗೈಯ ನಾಲ್ಕು, ಎಲ್ಲವೂ ತಂತಮ್ಮ ಜಾಗದಲ್ಲಿ. ಹೆಬ್ಬೆರಳುಗಳು ಕೆಳಗಿನ ಉದ್ದನೆಯ ಕೀಯ ಮೇಲೆ. ಎರಡು ಅಕ್ಷರ ಒತ್ತಿದರು. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಕತ್ತು ಓರೆಮಾಡಿ, ಏನನ್ನೋ ಕಾಯುವವರಂತೆ ಸುಮ್ಮನಾದರು. ಆಮೇಲೆ ಕೈ ಎತ್ತಿ ಮತ್ತೆ ಹೊದಿಕೆಯ ಮೇಲಿಟ್ಟುಕೊಂಡು ಅಲ್ಲಿಯೇ ಬೆರಳಾಡಿಸತೊಡಗಿದರು.

"ನೋಡಿದ್ಯಾ, ಇದು ಬ್ಯಾಡಂತ," ಎಂದರು ಅವರ ಹೆಂಡತಿ ದಾಕ್ಷಾಯಣಮ್ಮ. "ಲಕ್ವಾ ಹೊಡದು ದವಾಖಾನಿಯಿಂದ ಬಂದಾಗಿಂದ ಹಿಂಗ. ಹಾಸಿಗಿ ಮ್ಯಾಲ, ಊಟದ ತಾಟಿನ ಮ್ಯಾಲ, ಗಂಜಿ ಕುಡಸೋವಾಗ ನನ್ನ ಮುಂಗೈ ಮ್ಯಾಲ. ಡಾಕ್ಟರ್ ಹೇಳಿದ್ರು, ಕೈಕಾಲು ಉಳಿದಾವ, ಮಾತು ಮಾತ್ರ ಹೋಗೇತಿ, ಈ ಬೆರಳಾಡೋದು ನರದ ಚಾಳಿ, ತಾನ ನಿಲ್ತೈತಿ ಅಂತ. ನಾಲ್ಕು ತಿಂಗಳಾತು, ನಿಂತಿಲ್ಲ. ಅದಕ್ಕ ನಿನಗ ಫೋನ್ ಮಾಡಿದೆ ಮೀನಾಕ್ಷಿ."

ಮೀನಾಕ್ಷಿ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಆ ಬೆರಳುಗಳನ್ನೇ ನೋಡುತ್ತಿದ್ದಳು. ಇದು ನರದ ಚಾಳಿ ಅಲ್ಲವೆಂದು ಅವಳಿಗೆ ಬಾಗಿಲಲ್ಲಿ ಕಾಲಿಟ್ಟಾಗಲೇ ಅನಿಸಿತ್ತು. ಹದಿನಾರು ವರ್ಷದ ಹಿಂದೆ, ಕುರುಗೋಡಿನ ಇದೇ ಮನೆಯ ಪಡಸಾಲೆಯಲ್ಲಿ, ಹತ್ತು ಟೈಪ್‌ರೈಟರುಗಳ ನಡುವೆ ಕೂತು ಅವಳು ಬೆರಳಿಡುವುದನ್ನು ಕಲಿತಿದ್ದಳು. ಈಗ ಸಿರುಗುಪ್ಪದ ತಾಲ್ಲೂಕು ಕಚೇರಿಯ ಎದುರು ಅವಳದೇ ಒಂದು ಸಣ್ಣ ಅಂಗಡಿ. ಅರ್ಜಿ, ಅಫಿಡವಿಟ್ಟು, ಒಪ್ಪಂದ ಪತ್ರ ಟೈಪ್ ಮಾಡಿಕೊಡುತ್ತಾಳೆ. ಒಬ್ಬರ ಬೆರಳು ಸುಮ್ಮನೆ ನಡುಗುವುದಕ್ಕೂ ಅಕ್ಷರ ಹುಡುಕಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ದಿನಗಳಲ್ಲಿ ಮಾಸ್ತರು ಬೀದಿಗೆ ಮುಖ ಮಾಡಿ, ಹುಡುಗರಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಹತ್ತೂ ಮಿಷನ್ನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದರೂ, ತಿರುಗಿ ನೋಡದೆ, "ಮೂರನೇ ಮಿಷನ್ನು, ಕಡೀ ಪದದಾಗ ಒಂದು ಅಕ್ಷರ ನುಂಗಿದಿ," ಎನ್ನುತ್ತಿದ್ದರು. ಮೂರನೆಯ ಮಿಷನ್ನಿನವನು ಹಾಳೆ ಎತ್ತಿ ನೋಡಿದರೆ ಹೌದು. "ಬೆರಳು ಕೇಳ್ತೈತಿ, ಕೀ ಉತ್ತರ ಕೊಡಬೇಕು. ಉತ್ತರ ಬರೂತನಕ ಮುಂದ ಹೋಗಬ್ಯಾಡ್ರಿ," ಎಂಬುದು ಅವರ ಮೊದಲ ಪಾಠ.

ಅವಳು ಇವತ್ತು ತಂದಿದ್ದು ಆಫೀಸುಗಳಲ್ಲಿ ಇರುವಂಥ ಅಗ್ಗದ ಕೀಬೋರ್ಡು. ಒಳಗೆ ಒಂದೇ ರಬ್ಬರ್ ಹಾಳೆ. ಒತ್ತಿದರೆ ಕೆಸರಲ್ಲಿ ಕಾಲಿಟ್ಟ ಹಾಗೆ. ಅಕ್ಷರ ಬಿತ್ತೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ, ಕಣ್ಣು ತೆರೆದು ಪರದೆಯನ್ನೇ ನೋಡಬೇಕು. ಅಂಗಡಿಯಲ್ಲಿ ಅವಳು ಬಳಸುತ್ತಿದ್ದುದು ಬೇರೆ. ಗಂಡ ಹೊನ್ನೂರಸ್ವಾಮಿ ಬಳ್ಳಾರಿಯಿಂದ ತಂದುಕೊಟ್ಟದ್ದು. ಅದರಲ್ಲಿ ಒಂದೊಂದು ಅಕ್ಷರದ ಕೆಳಗೂ ಒಂದೊಂದು ನೀಲಿ ಸ್ವಿಚ್ಚು, ಒಂದೊಂದು ಸ್ಪ್ರಿಂಗು. ಅರ್ಧ ಒತ್ತುವ ಹೊತ್ತಿಗೆ ಬೆರಳಿಗೆ ಒಂದು ಸಣ್ಣ ಮೆಟ್ಟಿಲು ತಗಲುತ್ತದೆ. ಆ ಮೆಟ್ಟಿಲು ಇಳಿದ ಕ್ಷಣವೇ ಟಿಕ್ ಎನ್ನುತ್ತದೆ. ಅರ್ಜಿ ಬರೆಸಲು ಬಂದ ರೈತರು, "ಏನಕ್ಕಾ, ಜೋಳ ಹುರಿಯಾಕತ್ತೀಯೇನು?" ಎಂದು ನಗುತ್ತಿದ್ದರು.

"ಮುಂದಿನ ಐತವಾರ ಇನ್ನೊಂದು ತರ್ತೀನ್ರಿ ಅಮ್ಮಾರ," ಎಂದಳು. "ಇವರಿಗೆ ಸದ್ದು ಬೇಕು."

ಹೇಳಿದಂತೆ ತಂದಳು. ಮಾಸ್ತರು ದಿಂಬಿಗೊರಗಿ ಕೂತಿದ್ದರು. ಸಣ್ಣ ಮಣೆಯೊಂದನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕೀಬೋರ್ಡ್ ಇಟ್ಟಳು. ಅದನ್ನು ಯಾವುದಕ್ಕೂ ಜೋಡಿಸಿರಲಿಲ್ಲ. ವೈರು ಮಂಚದಿಂದ ಕೆಳಗೆ ಜೋತುಬಿದ್ದು ತುದಿ ನೆಲ ಮುಟ್ಟುತ್ತಿತ್ತು. ಮಾಸ್ತರ ಬಲಗೈಯ ತೋರುಬೆರಳು ಒಂದು ಕೀ ಒತ್ತಿತು. ಟಿಕ್.

ಅವರ ಹುಬ್ಬು ಮೇಲೇರಿತು. ಇನ್ನೊಮ್ಮೆ ಒತ್ತಿದರು. ಆಮೇಲೆ ಎರಡೂ ಕೈ ಒಟ್ಟಿಗೆ ಹೊರಟವು.

ಮೀನಾಕ್ಷಿ ಅಷ್ಟು ವೇಗವನ್ನು ವರ್ಷಗಳಿಂದ ಕೇಳಿರಲಿಲ್ಲ. ಎಲ್ಲಿಯೂ ಎಡವಿಲ್ಲ, ಎಲ್ಲಿಯೂ ಹಿಂದಿರುಗಿ ತಿದ್ದಿದ್ದಿಲ್ಲ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಹೊರಗೆ ಬಿಸಿಲು ಬೀದಿಯನ್ನು ಖಾಲಿ ಮಾಡಿತ್ತು. ಕೈಗಳು ಓಡುತ್ತಿದ್ದರೂ ಅವುಗಳ ಮೇಲಿನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪಕ್ಕದ ಕೋಣೆಯಲ್ಲಿ ಇನ್ನಾರೋ ಆಡುವ ಮಾತನ್ನು ಕೇಳಿಸಿಕೊಳ್ಳುತ್ತಿರುವವರ ಮುಖ ಅದು.

"ಸರ್, ಛಲೋ ಆತಲ್ರಿ," ಎಂದಳು, ಏನಾದರೂ ಹೇಳಬೇಕೆಂದು. ಮಾಸ್ತರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕೀಬೋರ್ಡನ್ನು ಅವರಿಗೇ ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿದಳು.

ಎಂಟು ದಿನ ಕಳೆದ ಮೇಲೆ ದಾಕ್ಷಾಯಣಮ್ಮನ ಫೋನು ಬಂತು. ಮಧ್ಯಾಹ್ನ, ಅಂಗಡಿಯಲ್ಲಿ ರಾರಾವಿಯ ಮುದುಕರೊಬ್ಬರು ಪಹಣಿ ತಿದ್ದುಪಡಿ ಅರ್ಜಿಗೆಂದು ಕೂತಿದ್ದರು.

"ಮಗಳ, ಅದನ್ನ ಒಯ್ದುಬಿಡ್ತೀಯೇನು? ನನಗ ಹೆದರಿಕಿ ಆಗಾಕತ್ತೈತಿ."

"ಏನಾತ್ರಿ ಅಮ್ಮಾರ?"

"ದಿನಾ ಎರಡೂವರಿಗೆ ಶುರು ಮಾಡ್ತಾರ. ಅದರ ಮುಂಚೆ ಮುಟ್ಟಂಗಿಲ್ಲ. ಅರ್ಧ ಆದಮ್ಯಾಲ ಗಾಳಿಯಾಗ ಏನೋ ತಿರುವ್ತಾರ, ಹಾಳಿ ಸೇರಿಸಿದಂಗ. ಮತ್ತ ಶುರು. ನಿನ್ನೆ ಹಿತ್ತಲಾಗ ಬಟ್ಟಿ ಒಣಹಾಕಾಕತ್ತಿದ್ದೆ, ಒಳಗ ಮಂದಿ ಬಂದು ಸಾಲಾಗಿ ಕುಂತಂಗ ಅನಿಸ್ತು. ಓಡಿ ಬಂದು ನೋಡಿದ್ರ ಇವರೊಬ್ಬರ." ಅವರು ದನಿ ತಗ್ಗಿಸಿದರು. "ಈಗೂ ಹೊಡಿಯಾಕತ್ಯಾರ. ಕೇಳು."

ಫೋನನ್ನು ಮಂಚದ ಹತ್ತಿರ ಇಟ್ಟರೆಂದು ತೋರುತ್ತದೆ. ಟಿಕ್ ಟಿಕ್ ಎಂಬುದು ಕಿವಿಯ ಒಳಗೇ ಹುಟ್ಟಿದಂತೆ ಕೇಳಿತು. ಮೀನಾಕ್ಷಿ ಮುದುಕರಿಗೆ ಕೈಸನ್ನೆಯಲ್ಲಿ ತಡೆಯಿರಿ ಎಂದು, ಕಣ್ಣು ಮುಚ್ಚಿದಳು.

ಅಕ್ಷರ ಯಾವುದೆಂದು ಸದ್ದಿನಲ್ಲಿ ಹೇಳುವ ವಿದ್ಯೆ ಮಾಸ್ತರದು, ಅವಳದಲ್ಲ. ಆದರೆ ಸ್ಪೇಸ್ ಬಾರಿನ ದಪ್ಪ ಸದ್ದು, ಎಂಟರಿನ ಗಡುಸು ಸದ್ದು, ಅಂಕಿಗಳ ಸಾಲಿಗೆ ಕೈ ಮೇಲೇರುವಾಗ ಆಗುವ ಸಣ್ಣ ತಡ, ಇವೆಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಒಂದು ಅಂಕಿ. ಒಂದು ಪದ. ಇನ್ನೊಂದು ಪದ. ಮತ್ತೊಂದು. ಎಂಟರ್. ಕಾಗದವಲ್ಲ ಇದು, ಅರ್ಜಿಯೂ ಅಲ್ಲ, ಪಟ್ಟಿ. ಅವಳು ಮುದುಕರ ಅರ್ಜಿಯ ಹಿಂಬದಿಗೆ ಪೆನ್ಸಿಲಿನಿಂದ ಒಂದೊಂದು ಸಾಲಿಗೆ ಒಂದೊಂದು ಗೆರೆ ಹಾಕುತ್ತ ಹೋದಳು. ಮೂವತ್ತೊಂದಕ್ಕೆ ನಿಂತಿತು. ಸ್ವಲ್ಪ ಹೊತ್ತು ಮಂಚ ಕಿರುಗುಟ್ಟಿದ್ದು ಮಾತ್ರ ಕೇಳಿಸಿತು. ಮತ್ತೆ ಶುರುವಾಯಿತು.

ಒಂದೊಂದು ಸಾಲಿಗೂ ಒಂದೊಂದು ನಡಿಗೆ ಇತ್ತು, ಬೀದಿಯಲ್ಲಿ ಹೋಗುವವರನ್ನು ಹೆಜ್ಜೆ ಸದ್ದಿನಲ್ಲೇ ಗುರುತಿಸುವ ಹಾಗೆ. ಎರಡನೆಯ ಸಲವೂ ಅವೇ ನಡಿಗೆಗಳು, ಅದೇ ಕ್ರಮದಲ್ಲಿ ಬಂದವು. ಆದರೆ ಆರನೆಯ ಸಾಲು ಬರಬೇಕಾದಲ್ಲಿ ಬರಲಿಲ್ಲ. ಕೈ ನಿಂತಿತು. ಆ ಸಾಲು ಹೊಡೆಯಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟೇ ಹೊತ್ತು ನಿಂತು, ಏಳನೆಯದಕ್ಕೆ ಹೋಯಿತು. ಮುಂದೆ ಹದಿನಾಲ್ಕನೆಯದರಲ್ಲೂ ಹಾಗೆಯೇ. ಹದಿನೈದರಲ್ಲೂ. ಕೊನೆಯಲ್ಲಿ ಎಣಿಸಿದರೆ ಇಪ್ಪತ್ತನಾಲ್ಕು ಗೆರೆ, ಏಳು ಖಾಲಿ.

"ಯಾಕವ್ವಾ, ಮುಖ ಹಂಗಾಗೇತಿ? ಯಾರಿಗೇನಾತು?" ಎಂದರು ಮುದುಕರು. ಅವಳು ಏನೂ ಇಲ್ಲವೆಂದು ತಲೆಯಾಡಿಸಿ, ಅವರ ಅರ್ಜಿಯನ್ನು ಹೊಸ ಹಾಳೆಯಲ್ಲಿ ಮಾಡಿಕೊಟ್ಟಳು.

ಮರುದಿನವೇ ಅಂಗಡಿಗೆ ಬೀಗ ಹಾಕಿ ಲ್ಯಾಪ್‌ಟಾಪು ಹಿಡಿದುಕೊಂಡು ಕುರುಗೋಡಿಗೆ ಹೋದಳು. ಎರಡೂವರೆಗೆ ಐದು ನಿಮಿಷವಿರುವಾಗ, ನೆಲ ಮುಟ್ಟುತ್ತಿದ್ದ ವೈರಿನ ತುದಿಯನ್ನು ಎತ್ತಿ ಜೋಡಿಸಿದಳು. ಖಾಲಿ ಪುಟ ತೆರೆದು, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ದಾಕ್ಷಾಯಣಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತರು.

ಇಂಗ್ಲಿಷಿನ ದೊಡ್ಡ ಅಕ್ಷರಗಳು ಒಂದರ ಹಿಂದೊಂದು ಬಂದವು. ಮೇಲೆ ಹಾಜರಿ ಪಟ್ಟಿ ಎಂಬ ತಲೆಬರಹ, ಜುಲೈ 2009. ಆಮೇಲೆ ಕ್ರಮಸಂಖ್ಯೆ, ಕೂಲಿಯವನ ಹೆಸರು, ತಂದೆಯ ಹೆಸರು, ಊರು. ತೆಕ್ಕಲಕೋಟೆಯವರಿದ್ದರು, ರಾರಾವಿಯವರಿದ್ದರು. ಆರನೆಯದು ಮೈಲಾರಪ್ಪ, ರೂಪನಗುಡಿ. ಅಲ್ಲಿಯತನಕ ಅವಳು ಬರೀ ಟೈಪಿಸ್ಟಿನ ಕಣ್ಣಲ್ಲಿ, ತಪ್ಪಿದೆಯೇ ಎಂದು ನೋಡುತ್ತಿದ್ದಳು. ಹದಿನಾಲ್ಕನೆಯ ಸಾಲು ಬಂತು.

ಗಾದೆಪ್ಪ, ತಂದೆ ಹೊನ್ನೂರಪ್ಪ, ಕುರುಗೋಡು.

ಅದು ಅವಳ ಅಪ್ಪ.

ಕೈಗಳು ಅವಳಿಗಾಗಿ ನಿಲ್ಲಲಿಲ್ಲ. ಪಟ್ಟಿ ಮುಗಿಸಿ, ಗಾಳಿಯಲ್ಲಿ ಹಾಳೆ ತಿರುವಿ, ಎರಡನೆಯದನ್ನು ಹೊಡೆದವು. ಅದರಲ್ಲಿ ಮೈಲಾರಪ್ಪ ಇರಲಿಲ್ಲ. ಗಾದೆಪ್ಪ ಇರಲಿಲ್ಲ. ಇಪ್ಪತ್ತನಾಲ್ಕು ಮಂದಿ ಒತ್ತೊತ್ತಾಗಿ ಕೂತಿದ್ದರು, ನಡುವೆ ಯಾರೂ ಎದ್ದು ಹೋದ ಗುರುತೇ ಇಲ್ಲದಂತೆ.

ಗಾದೆಪ್ಪ ಗುಡ್ಡದ ಗಣಿಗೆ ಅದಿರು ಅಗೆಯಲು ಹೋಗುತ್ತಿದ್ದ. ತಿಂಗಳಿಗೊಮ್ಮೆ ಕೆಂಪು ಧೂಳಿನ ಬಟ್ಟೆಯಲ್ಲಿ ಮನೆಗೆ ಬರುವನು. ಆ ವರ್ಷ ಪಂಚಮಿ ಹಬ್ಬಕ್ಕೆ ಬರುತ್ತೇನೆಂದವನು ಬರಲಿಲ್ಲ. ಹಬ್ಬ ಮುಗಿದ ವಾರಕ್ಕೆ ಕಪ್ಪು ಕನ್ನಡಕದ ಒಬ್ಬ ಕೆಂಪು ಬೈಕಿನಲ್ಲಿ ಬಂದು, ಬಾಗಿಲಲ್ಲೇ ನಿಂತು, "ನಿಮ್ಮ ಯಜಮಾನನ್ನ ಆದೋನಿ ಮಾರ್ಕೆಟ್ಟಿನಾಗ ಕಂಡೆ. ಜೊತೀಗೆ ಹಳದಿ ಸೀರಿಯಾಕಿ ಒಬ್ಬಾಕಿ ಇದ್ಲು," ಎಂದು ಹೇಳಿ ಹೋದ. ಅವ್ವ ಗಿಡ್ಡಮ್ಮ ಅಂದಿನಿಂದ ಗಂಡನ ಮಾತೆತ್ತಿದರೆ ಉಗಿಯುತ್ತಿದ್ದಳು. ಮಗಳ ಮದುವೆಯಲ್ಲಿ ಹಳದಿ ಸೀರೆ ತಂದವರ ಕೈಯಿಂದ ಅದನ್ನು ಇಸಿದುಕೊಳ್ಳಲೇ ಇಲ್ಲ. ಹದಿನಾರರ ಹುಡುಗಿ ಮೀನಾಕ್ಷಿ ಕೂಲಿಗೆ ಹೊರಟಾಗ, ಒಂದು ದಿನ ಹಂಪಯ್ಯ ಮಾಸ್ತರು ತಾವೇ ಮನೆ ಹುಡುಕಿಕೊಂಡು ಬಂದು, "ಹುಡುಗೀನ ಟೈಪಿಂಗಿಗೆ ಕಳಸ್ರಿ, ನಾನು ಕಲಸ್ತೀನಿ," ಎಂದಿದ್ದರು. ಅವರ ದೊಡ್ಡತನ ಎಂದು ಓಣಿಯೆಲ್ಲ ಹೊಗಳಿತ್ತು.

"ಅಮ್ಮಾರ," ಎಂದಳು ಮೀನಾಕ್ಷಿ. "ಈ ಪಟ್ಟಿ ಎಲ್ಲೀದು?"

ದಾಕ್ಷಾಯಣಮ್ಮ ಬಂದು ಪರದೆ ನೋಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೀನಾಕ್ಷಿ ಒಂದೊಂದೇ ಹೆಸರು ಓದಿದಳು. ಹದಿನಾಲ್ಕಕ್ಕೆ ಬಂದಾಗ ಅವರು ಮಂಚದ ಕಾಲು ಹಿಡಿದು ನೆಲಕ್ಕೆ ಕೂತುಬಿಟ್ಟರು.

"ಅವತ್ತೂ ಎರಡೂವರಿನ," ಎಂದರು. "ಗಣಿ ಗುತ್ತಿಗೆದಾರನ ಪಟ್ಟಿ ಇವರು ತಿಂಗಳಾ ಹೊಡದು ಕೊಡತಿದ್ರು. ಅವತ್ತು, ಪಂಚಮಿಗೆ ನಾಲ್ಕು ದಿನ ಇರೋವಾಗ, ಜೀಪಿನಾಗ ಇಬ್ಬರು ಬಂದು, ಕಲಿಯೋ ಹುಡುಗರನ್ನೆಲ್ಲಾ ಮನಿಗೆ ಕಳಿಸಿದ್ರು. ಹಳೇ ಪಟ್ಟಿ ಇಟ್ಟು, ಏಳು ಹೆಸರು ತಗದು ಹೊಸಾದು ಹೊಡೀರಿ ಅಂದ್ರು. ಕಂಪ್ಯೂಟರ್ ಬ್ಯಾಡ, ನಿಮ್ಮ ಮಿಷನ್ನಿನ ಮ್ಯಾಲ ಹೊಡೀರಿ ಅಂದ್ರು. ಹೋಗೋವಾಗ ಹಳೇ ಹಾಳಿ, ಹೊಸ ಹಾಳಿ, ಕಾರ್ಬನ್ನು, ಮಿಷನ್ನಿನ ರಿಬ್ಬನ್ನು ಎಲ್ಲಾ ತಗೊಂಡು ಹೋದ್ರು."

"ಯಾಕ ಅಂತ ಕೇಳಲಿಲ್ಲೇನ್ರಿ?"

"ಗುಡ್ಡ ಜರಿದೈತಿ ಅಂದ್ರು ಇವರು. ಅಷ್ಟ. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ." ದಾಕ್ಷಾಯಣಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಆಮ್ಯಾಲ ಎಷ್ಟೋ ವರ್ಷ, ಮಧ್ಯಾಹ್ನ ಹುಡುಗರು ಹೋದಮ್ಯಾಲ, ರಿಬ್ಬನ್ ಇಲ್ಲದ ಮಿಷನ್ನಿನ ಮ್ಯಾಲ ಕುಂದರತಿದ್ರು. ಹಾಳೀನೂ ಇಲ್ಲ. ಏನು ಹೊಡೀತೀರಿ ಅಂದ್ರ, ಮರೀಬಾರದಲ್ಲ, ಕೈ ಪಳಗಸ್ತೀನಿ ಅಂತಿದ್ರು. ಇನ್‌ಸ್ಟಿಟ್ಯೂಟ್ ಮುಚ್ಚಿ ಮಿಷನ್ನು ಗುಜರಿಗೆ ಹೋದಮ್ಯಾಲ ಅದೂ ನಿಂತಿತ್ತು."

ಮೀನಾಕ್ಷಿಗೆ ಆ ಕ್ಷಣ ಕೋಣೆಯಿಂದ ಎದ್ದು ಓಡಬೇಕೆನಿಸಿತು. ಓಡದೆ, ಮಂಚದ ಪಕ್ಕಕ್ಕೆ ಬಂದು ನಿಂತಳು. ಮಾಸ್ತರು ಕಣ್ಣು ಮುಚ್ಚಿ ಒರಗಿದ್ದರು, ಕೈಗಳು ಪಕ್ಕಕ್ಕೆ ಬಿದ್ದಿದ್ದವು. ಅವಳು ಬಗ್ಗಿ, ಮಾತಾಡದೆ, ಒಂದೇ ಕೈಯಲ್ಲಿ ಅವರ ತೊಡೆಯ ಮೇಲಿನ ಕೀಬೋರ್ಡಿನಲ್ಲಿ ಅಪ್ಪನ ಹೆಸರನ್ನು ಹೊಡೆದಳು. ಎರಡು ಸಲ ಬೀಳಬೇಕಾದ ಪಿ ಒಂದೇ ಸಲ ಬಿತ್ತು.

ಮುಚ್ಚಿದ ಕಣ್ಣಿನಲ್ಲೇ ಮಾಸ್ತರ ಬಲಗೈ ಎದ್ದು ಬಂತು. ಅವಳ ಕೈಯನ್ನು ಮೆಲ್ಲಗೆ ಸರಿಸಿತು. ಕೊನೆಯ ಅಕ್ಷರವನ್ನು ಅಳಿಸಿ, ಬಿಟ್ಟುಹೋದ ಪಿ ಸೇರಿಸಿ, ಹೆಸರನ್ನು ಪೂರ್ತಿ ಮಾಡಿ, ಕೀಯ ಮೇಲೆಯೇ ನಿಂತಿತು. ಆಮೇಲೆ ಅವರು ಕಣ್ಣು ತೆರೆದು ಅವಳನ್ನು ನೋಡಿದರು. ಪರದೆಯನ್ನಲ್ಲ, ಅವಳನ್ನು. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ನಾನು ಯಾರ ಮಗಳೆಂದು ಗೊತ್ತಿದ್ದೇ ಇವರು ಅಂದು ಮನೆ ಹುಡುಕಿಕೊಂಡು ಬಂದಿದ್ದರು ಎಂಬುದು ಅವಳಿಗೆ ಆಗ ತಿಳಿಯಿತು.

ಪಟ್ಟಿಯಿಂದ ತೆಗೆದ ಇನ್ನೊಬ್ಬರ ಮನೆಯವರು ಏನು ಹೇಳುತ್ತಾರೋ ಕೇಳಬೇಕೆನಿಸಿತು ಅವಳಿಗೆ. ಎರಡು ದಿನ ಬಿಟ್ಟು, ಬಳ್ಳಾರಿಯಲ್ಲಿ ಬಸ್ಸು ಬದಲಿಸಿ, ರೂಪನಗುಡಿಗೆ ಹೋದಳು. ಮೈಲಾರಪ್ಪನ ಮನೆ ಎಂದು ಕೇಳಿದಾಗ ಅಂಗಡಿಯವನು, "ಓಡಿಹೋದಾನಲ್ಲ, ಆ ಮೈಲಾರಪ್ಪನ ಮನಿಯಾ?" ಎಂದು ದಾರಿ ತೋರಿಸಿದ.

ಹೆಂಡತಿ ಗುರುಬಸಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಮಾತಾಡಿದಳು. "ಅಂವ ಹೋಗಿ ಹದಿನಾರು ವರ್ಷ ಆತು. ಈಗ ಯಾಕ ಬೇಕಾತು?"

"ಎಲ್ಲಿಗೆ ಹೋದ್ರು ಅಂತ ಯಾರು ಹೇಳಿದ್ರಿ ನಿಮಗ?"

"ಒಬ್ಬ ಬಂದಿದ್ದ, ಕೆಂಪು ಬೈಕಿನ್ಯಾಗ. ಮೋಡ ಕವಿದಿತ್ತು, ಆದ್ರೂ ಕಪ್ಪು ಕನ್ನಡಕ ಹಾಕಿದ್ದ, ಅದಕ್ಕ ನೆನಪೈತಿ. ಆದೋನಿ ಮಾರ್ಕೆಟ್ಟಿನಾಗ ಕಂಡೆ ಅಂದ. ಜೊತೀಗೆ ಒಬ್ಬಾಕಿ..."

"ಹಳದಿ ಸೀರಿ ಉಟ್ಟಿದ್ಲು," ಎಂದಳು ಮೀನಾಕ್ಷಿ.

ಗುರುಬಸಮ್ಮನ ಕೈ ನಿಂತಿತು. ಖಾರದ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರಿತ್ತು. ಗಂಡ ಎಲ್ಲಿದ್ದಾನೆಂದು ಅವಳು ಕೇಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ, "ಕುಂದ್ರು. ಎಲ್ಲಾ ಹೇಳು," ಎಂದಳು.

ಆ ವಾರದಲ್ಲೇ ಇಬ್ಬರೂ ಸೇರಿ, ತೆಗೆದ ಏಳು ಹೆಸರುಗಳ ಪೈಕಿ ತೆಕ್ಕಲಕೋಟೆಯಲ್ಲೊಂದು, ರಾರಾವಿಯಲ್ಲೊಂದು ಮನೆ ಹುಡುಕಿದರು. ರಾರಾವಿಯ ಮನೆಗೂ ಕೆಂಪು ಬೈಕು ಬಂದಿತ್ತು. ಗಣಿಯಲ್ಲಿ ಸತ್ತ ಏಳು ಮಂದಿಯ ಬಗ್ಗೆ ತನಿಖೆ ಆಗಬೇಕೆಂಬ ಅರ್ಜಿಯನ್ನು ಮೀನಾಕ್ಷಿ ತಾನೇ ಟೈಪ್ ಮಾಡಿದಳು. ಸಾವಿರ ಜನರ ಅರ್ಜಿಯಲ್ಲಿ ಸಲೀಸಾಗಿ ಹೊಡೆದಿದ್ದ ದಿವಂಗತ ಎಂಬ ಪದ ಅಪ್ಪನ ಹೆಸರಿನ ಹಿಂದೆ ಬೀಳಲು ಬಹಳ ಹೊತ್ತು ಹಿಡಿಯಿತು. ಬಳ್ಳಾರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, "ಪಟ್ಟಿಯ ಮೂಲ ಪ್ರತಿ ಎಲ್ಲೈತ್ರಿ?" ಎಂದು ಕೇಳಿದರು.

"ಕುರುಗೋಡಿನಾಗ ಐತ್ರಿ ಸರ್. ಅದನ್ನ ನೋಡಾಕ ಆಗಂಗಿಲ್ಲ, ಬಂದು ಕೇಳಬೇಕು," ಎಂದಳು. ಅವರು ಅವಳ ಮುಖವನ್ನೊಮ್ಮೆ ನೋಡಿ, ಮೊಹರು ಒತ್ತಿ ಸ್ವೀಕೃತಿ ಕೊಟ್ಟರು.

ಇಷ್ಟಾದರೂ ಅವ್ವನಿಗೆ ಹೇಳಿರಲಿಲ್ಲ. ಸ್ವೀಕೃತಿ ಚೀಟಿ ಪರ್ಸಿನಲ್ಲಿಟ್ಟುಕೊಂಡು ಸಿರುಗುಪ್ಪದ ಮನೆಗೆ ಬಂದಾಗ ಗಿಡ್ಡಮ್ಮ ಹೊಸ್ತಿಲ ಹತ್ತಿರ ಕೂತು ನುಚ್ಚಿನಲ್ಲಿ ಕಲ್ಲು ಆರಿಸುತ್ತಿದ್ದಳು. ಇಳಿಬಿಸಿಲು ಮೊರದ ಮೇಲೆ ಬಿದ್ದಿತ್ತು. ಮೀನಾಕ್ಷಿ ಎದುರು ಕೂತು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಕೀಬೋರ್ಡಿನಿಂದಲೇ ಶುರು ಮಾಡಿದಳು. ಗಿಡ್ಡಮ್ಮ ಕೊನೆಯವರೆಗೂ ತಲೆಯೆತ್ತಲಿಲ್ಲ. ಕಲ್ಲು ಸಿಕ್ಕಾಗ ತೆಗೆದು ಹೊರಗೆಸೆದಳು.

"ಹಬ್ಬಕ್ಕ ಎಷ್ಟು ದಿನ ಮುಂಚೆ?" ಎಂದು ಕೇಳಿದಳು.

"ನಾಲ್ಕು ದಿನ ಇರಬೇಕವ್ವಾ."

"ಉಂಡಿ ಕಟ್ಟಿ ಡಬ್ಬಿಯಾಗ ಇಟ್ಟಿದ್ದೆ. ಬೂಸ್ಟು ಹಿಡದು ತಿಪ್ಪಿಗೆ ಚೆಲ್ಲಿದೆ." ಮೊರವನ್ನು ಒಮ್ಮೆ ಕೇರಿದಳು. "ಹದಿನಾರು ವರ್ಷ ಬೈದೀನಿ. ಮಣ್ಣಾಗ ಇದ್ದಾಂವಗ."

ಮೀನಾಕ್ಷಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಗಿಡ್ಡಮ್ಮ ಅದನ್ನು ಹಿಡಿಯಲೂ ಇಲ್ಲ, ತಳ್ಳಲೂ ಇಲ್ಲ. ಒಲೆ ಹಚ್ಚುವ ಹೊತ್ತಾಗಿದ್ದರೂ ಏಳಲಿಲ್ಲ.

"ನನಗ ಅದನ್ನ ಕೇಳಬೇಕು," ಎಂದಳು.

"ಯಾವುದು?"

"ಆ ಸದ್ದು."

ಐತವಾರ ತಾಯಿ ಮಗಳು ಕುರುಗೋಡಿಗೆ ಹೋದರು. ದಾಕ್ಷಾಯಣಮ್ಮ ಚಾಪೆ ಹಾಸಿದರು, ಗಿಡ್ಡಮ್ಮ ಕೂರಲಿಲ್ಲ. ಮಂಚದ ಬುಡಕ್ಕೆ ಹೋಗಿ ನಿಂತು ಮಾಸ್ತರನ್ನು ನೋಡಿದಳು.

"ಸ್ವಾಮೇರ, ನನ್ನ ಮಗಳಿಗೆ ವಿದ್ಯೆ ಕೊಟ್ರಿ," ಎಂದಳು. "ನನಗ ಒಂದು ಮಾತು ಕೊಡಲಿಲ್ಲ."

ಮಾಸ್ತರ ತುಟಿ ಅಲುಗಿತು. ಗಾಳಿ ಮಾತ್ರ ಹೊರಬಂತು. ಗಿಡ್ಡಮ್ಮ ಅವರನ್ನು ನೋಡುತ್ತಲೇ ಇದ್ದಳು, ಆ ಗಾಳಿ ಮಾತಾಗುವವರೆಗೂ ಕಾಯುತ್ತೇನೆ ಎಂಬಂತೆ. ಮಾಸ್ತರು ಕೊನೆಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಕ್ಷಮಿಸಿದೆನೆಂದು ಅವಳೂ ಹೇಳಲಿಲ್ಲ. ಹೋಗಿ ಚಾಪೆಯ ಮೇಲೆ ಕೂತಳು.

ಎರಡೂವರೆಗೆ ಕೈಗಳು ಎದ್ದವು. ಗಿಡ್ಡಮ್ಮ ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿದಳು. ಅವಳಿಗೆ ಅಕ್ಷರವೇ ಬಾರದು. "ಬಂದಾಗ ಹೇಳು" ಎಂದು ಮೊದಲೇ ಹೇಳಿಟ್ಟಿದ್ದಳು. ಮೀನಾಕ್ಷಿ ಸಾಲು ಎಣಿಸುತ್ತ, ಹದಿನಾಲ್ಕನೆಯದು ಶುರುವಾಗುತ್ತಲೇ ಅವಳ ಮುಂಗೈ ಅದುಮಿದಳು. ಟಿಕ್ ಟಿಕ್ ಎಂದು ಹೆಸರು ಹೋಯಿತು, ತಂದೆಯ ಹೆಸರು ಹೋಯಿತು, ಊರು ಹೋಯಿತು.

"ಇಷ್ಟ?"

"ಇಷ್ಟ ಅವ್ವಾ."

"ಸಣ್ಣದೈತಿ," ಎಂದಳು ಗಿಡ್ಡಮ್ಮ.

ಮಾಸ್ತರು ಗಾಳಿಯಲ್ಲಿ ಹಾಳೆ ತಿರುವಿದರು. ಎರಡನೆಯ ಪಟ್ಟಿ ಹೊರಟಿತು. ಆರನೆಯ ಸಾಲಿನ ಜಾಗದಲ್ಲಿ ಕೈ ನಿಂತು, ಮುಂದೆ ಹೋಯಿತು. ಹದಿಮೂರು ಮುಗಿಯಿತು. ಎರಡೂ ಕೈ ಕೀಗಳಿಂದ ಮೇಲೆದ್ದು ಗಾಳಿಯಲ್ಲಿ ನಿಂತವು. ಮೀನಾಕ್ಷಿ ಮತ್ತೆ ಅವ್ವನ ಮುಂಗೈ ಅದುಮಿದಳು.

"ಗಾದೆಪ್ಪ," ಎಂದಳು ಗಿಡ್ಡಮ್ಮ.

ಅವಳು ಹೆಂಡತಿಯಾಗಿ ಆ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ. ಮೀನಾಕ್ಷಿ ಅದನ್ನು ಅವ್ವನ ದನಿಯಲ್ಲಿ ಹುಟ್ಟಿದಾಗಿಂದ ಕೇಳಿರಲಿಲ್ಲ. ಮಾಸ್ತರ ಕೈಗಳು ಇಳಿಯಲಿಲ್ಲ. ಹದಿನೈದರ ಹೊತ್ತು ಬಂತು, ಹೋಯಿತು. ಹದಿನಾರರ ಹೊತ್ತೂ ಹೋಯಿತು. ಬೆರಳುಗಳು ಕರೆದ ಮೇಲೆ ಬರಲಿರುವವರ ದಾರಿ ಕಾಯುವಂತೆ ಹಾಗೆಯೇ ಮೇಲೆ ನಿಂತಿದ್ದವು. ಕೊನೆಗೆ ದಾಕ್ಷಾಯಣಮ್ಮ ಬಂದು ಅವೆರಡನ್ನೂ ಹಿಡಿದು ಮೆಲ್ಲಗೆ ಹೊದಿಕೆಯ ಮೇಲೆ ಇಳಿಸಿದರು. ಅವು ಅಲ್ಲಿಯೇ ಮಲಗಿದವು.

ಸಂಜೆಯ ಬಸ್ಸು ತುಂಬಿತ್ತು. ಹಿಂದಿನ ಕಡೆ ಮೂವರು ಕೂರುವ ಸೀಟೊಂದು ಸಿಕ್ಕಿತು. ಕಿಟಕಿ ಪಕ್ಕಕ್ಕೆ ಹೋಗು ಎಂದು ಮೀನಾಕ್ಷಿ ಎಷ್ಟು ಹೇಳಿದರೂ ಗಿಡ್ಡಮ್ಮ ಹೋಗದೆ ನಡುವೆಯೇ ಕೂತಳು. ಕಂಡಕ್ಟರ್ ಬಂದು, "ಎಲ್ಲಿಗ್ರಿ, ಎಷ್ಟು ಮಂದಿ?" ಎಂದ.

"ಸಿರುಗುಪ್ಪ," ಎಂದಳು ಗಿಡ್ಡಮ್ಮ, ಮಗಳು ಬಾಯಿ ತೆರೆಯುವ ಮೊದಲೇ. "ಹೆಣ್ಮಕ್ಕಳು ಇಬ್ಬರು. ಗಂಡಸು ಒಬ್ಬ."

ಕಂಡಕ್ಟರ್ ಆಚೆ ಈಚೆ ನೋಡಿದ. ಕಿಟಕಿ ಪಕ್ಕದ ಖಾಲಿ ಜಾಗವನ್ನು ನೋಡಿ, ಆಮೇಲೆ ಗಿಡ್ಡಮ್ಮನ ಮುಖ ನೋಡಿ, ಮೂರು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಕಂಬಿ ಹಿಡಿದು ನಿಂತಿದ್ದವರಲ್ಲಿ ಒಬ್ಬರೂ ಆ ಜಾಗ ಕೇಳಲಿಲ್ಲ. ಬಸ್ಸು ಊರು ದಾಟಿ ಗದ್ದೆಗಳ ನಡುವೆ ಬಂದಾಗ ಗಿಡ್ಡಮ್ಮ ಆ ಖಾಲಿ ಜಾಗದ ಮೇಲೆ ಹಾಯದಂತೆ, ತೋಳನ್ನು ಸುತ್ತಿಬಳಸಿ ಚಾಚಿ, ಕಿಟಕಿಯ ಗಾಜನ್ನು ಪೂರ್ತಿ ಸರಿಸಿದಳು.